‘ಉಷ್ಣ ಆಗಿದೆ, ಎಳನೀರು ಕುಡಿ’: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರ ಕಷ್ಟದ ಬಗ್ಗೆ ಈ ಪತ್ರ. ನಾನು ಚಿತ್ರದುರ್ಗ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ವಯಸ್ಸು 48. ಒಂದು ಜನವರಿ ಬೆಳಿಗ್ಗೆ, ಮೊದಲನೇ ಪೀರಿಯಡ್ಡಿನಲ್ಲಿ, ಬೋರ್ಡಿನ ಮೇಲೆ ಸಮೀಕರಣ ಬಿಡಿಸುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ ಬಿಸಿ ಏರಿತು. ಸೌದೆ ಒಲೆಗೆ ಮುಖ ಒಡ್ಡಿದ ಹಾಗೆ. ಕೈಯಲ್ಲಿದ್ದ ಸೀಮೆಸುಣ್ಣ ಬೆವರಿಗೆ ಜಾರಿತು. ಫ್ಯಾನ್ ಹಾಕಿದೆ. ಮುಂದಿನ ಬೆಂಚಿನ ಹುಡುಗಿ ಸ್ವೆಟರಿನ ತೋಳನ್ನು ಬೆರಳ ತನಕ ಎಳೆದುಕೊಂಡು "ಮೇಡಂ, ಚಳಿ" ಅಂದಳು. ಎರಡು ಮೂರು ನಿಮಿಷಕ್ಕೆ ಬಿಸಿ ಇಳಿಯಿತು. ಒದ್ದೆಯಾದ ಬ್ಲೌಸಿನಲ್ಲಿ ನನಗೂ ನಡುಕ ಬಂತು. ತಿರುಗಿ ಬೋರ್ಡು ನೋಡಿದರೆ ಮುಂದಿನ ಸಾಲೇ ಹೊಳೆಯಲಿಲ್ಲ. 23 ವರ್ಷದಿಂದ ಅದೇ ಲೆಕ್ಕ ಮಾಡಿಸಿದವಳು ನಾನು.

ಮನೆಯಲ್ಲಿ ಅತ್ತೆ "ಉಷ್ಣ ಆಗಿದೆ, ಎಳನೀರು ಕುಡಿ" ಅಂದರು. ಕುಡಿದೆ. ಮಜ್ಜಿಗೆ, ಕಾಮಕಸ್ತೂರಿ ಬೀಜ, ನೆತ್ತಿಗೆ ಹರಳೆಣ್ಣೆ, ಎಲ್ಲ ಆಯಿತು. ರಾತ್ರಿ ಎರಡಕ್ಕೆ ಬೆವತು ಎಚ್ಚರವಾಗುವುದು ಮಾತ್ರ ತಪ್ಪಲಿಲ್ಲ. ಎದೆ ಡವಡವ ಅನ್ನುತ್ತದೆ ಎಂದು ಇಸಿಜಿ ಮಾಡಿಸಿದೆ, ನಾರ್ಮಲ್. ಭುಜ, ಮಂಡಿ ನೋವಿಗೆ ಇನ್ನೊಬ್ಬ ಡಾಕ್ಟರು ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್ ಕೊಟ್ಟರು. ಮೂರನೆಯವರು "ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ" ಅಂದರು. ಮುಟ್ಟು ಹೇಗೆ ಬರುತ್ತಿದೆ ಎಂದು ಕೇಳಿದವರು ನಾಲ್ಕನೆಯ ಡಾಕ್ಟರು. ಎರಡು ತಿಂಗಳು ಬರಲ್ಲ, ಬಂದರೆ ಹತ್ತು ದಿನ ನಿಲ್ಲಲ್ಲ ಅಂದೆ. "ಮುಟ್ಟು ನಿಲ್ಲುವ ಕಾಲ ಶುರುವಾಗಿದೆ, ಅಷ್ಟೇ" ಅಂದರು. ಆ ‘ಅಷ್ಟೇ’ ಗೊತ್ತಾಗಲು ನನಗೆ ಒಂದು ವರ್ಷ ಹಿಡಿಯಿತು.

ಮುಟ್ಟು ಅನ್ನುವುದು ಒಂದು ದಿನ ನಲ್ಲಿ ತಿರುಗಿಸಿದ ಹಾಗೆ ನಿಂತುಬಿಡುತ್ತದೆ ಅಂದುಕೊಂಡಿದ್ದೆ. ಸತತ 12 ತಿಂಗಳು ಬರದಿದ್ದರೆ ಮಾತ್ರ ನಿಂತಿತು ಅನ್ನಬೇಕಂತೆ. ಅದಕ್ಕೆ ಮೊದಲು ನಾಲ್ಕೈದು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ, ಹಾರ್ಮೋನು ಏರುಪೇರಾಗುತ್ತಲೇ ಇರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಮುಟ್ಟು ನಿಲ್ಲುವುದು ಸುಮಾರು 51ಕ್ಕೆ, ನಮ್ಮಲ್ಲಿ ಸರಾಸರಿ 46-47ಕ್ಕೆ. ಹಾಗಾಗಿ ನಮ್ಮ ಎಷ್ಟೋ ಹೆಂಗಸರಿಗೆ 40 ದಾಟುತ್ತಿದ್ದಂತೆ ಈ ಏರುಪೇರು ಶುರು. ಮಗಳ ಎಸ್ಸೆಸ್ಸೆಲ್ಸಿ, ಅತ್ತೆಯ ಮಂಡಿ, ಸಂಘದ ಸಾಲದ ಕಂತು ಎಲ್ಲ ಒಟ್ಟಿಗೆ ಬಂದು ಕೂತಿರುವ ವಯಸ್ಸು ಅದು. ಸುಮ್ನೆ ಒಂದು ದಿನ ರೇಗಿದರೂ "ಅವಳ ಸ್ವಭಾವವೇ ಹಾಗೆ" ಅನ್ನಿಸಿಕೊಳ್ಳಬೇಕು.

ನನ್ನ ಕಥೆ ಇಷ್ಟೇ ಆಗಿದ್ದರೆ ನಿಮಗೆ ಬರೆಯುತ್ತಿರಲಿಲ್ಲ. ಬರೆಯುವ ಹಾಗೆ ಮಾಡಿದ್ದು ಬಿಸಿಯೂಟದ ಅಡುಗೆ ಮಾಡುವ ಒಬ್ಬ ಹೆಂಗಸು. ಅವರಿಗೆ 41. ರಕ್ತಸ್ರಾವ ಜಾಸ್ತಿ ಎಂದು ಒಂದು ನರ್ಸಿಂಗ್ ಹೋಮಿಗೆ ಹೋದರು. "ಮಕ್ಕಳಾಗಿವೆಯಲ್ಲ, ಗರ್ಭಕೋಶ ಇಟ್ಟುಕೊಂಡು ಏನ್ಮಾಡ್ತೀರಿ? ನಾಳೆ ಕ್ಯಾನ್ಸರ್ ಆದರೆ?" ಅಂದರಂತೆ. ಓಲೆ ಅಡ ಇಟ್ಟು ಆಪರೇಶನ್ ಮಾಡಿಸಿಕೊಂಡರು. ಡಿಸ್ಚಾರ್ಜ್ ಚೀಟಿ ಓದಿ ಹೇಳಿ ಎಂದು ನನ್ನ ಕೈಗೆ ಕೊಟ್ಟ ದಿನ ಗೊತ್ತಾಯಿತು, ಎರಡೂ ಅಂಡಾಶಯ ತೆಗೆದಿದ್ದರು. ಹಾರ್ಮೋನು ಬರುವುದೇ ಅಲ್ಲಿಂದ. 45ರೊಳಗೆ ಅವನ್ನು ತೆಗೆದರೆ ಮೂಳೆ ಸವೆಯುವ, ಹೃದಯದ ಕಾಯಿಲೆ ಬರುವ ಅಪಾಯ ಹೆಚ್ಚು. ನನಗೆ ವರ್ಷಗಟ್ಟಲೆ ಬಂದು ಹೋಗಿ ಮಾಡುತ್ತಿದ್ದ ಬಿಸಿ ಅವರ ಮೈಮೇಲೆ ಕೆಲವೇ ದಿನದಲ್ಲಿ ನುಗ್ಗಿತು. ಆ ಮೈಯಲ್ಲೇ ಅವರು ದಿನಾ ಇನ್ನೂರು ಮಕ್ಕಳ ಸಾಂಬಾರು ಕುದಿಸುತ್ತಾರೆ.

ಗರ್ಭಕೋಶ ತೆಗೆಯುವುದು ಕೆಲವರಿಗೆ ಬೇಕೇ ಬೇಕು, ಒಪ್ಪುತ್ತೇನೆ. ಆದರೆ ಅದು ಕೊನೆಯ ಮೆಟ್ಟಿಲು. ಥೈರಾಯ್ಡ್ ನೋಡಬಹುದು, ಸ್ರಾವ ತಗ್ಗಿಸುವ ಮಾತ್ರೆ ಕೊಡಬಹುದು, ರಕ್ತ ಕಮ್ಮಿಯಿದ್ದರೆ ಕಬ್ಬಿಣದ ಮಾತ್ರೆ. ವಂಕಿಯ (ಕಾಪರ್-ಟಿ) ಹಾಗೆಯೇ ಗರ್ಭಕೋಶದ ಒಳಗಿಡುವ ಹಾರ್ಮೋನ್ ಸಾಧನವೂ ಇದೆ. ಇದ್ಯಾವುದನ್ನೂ ಅವರಿಗೆ ಯಾರೂ ಹೇಳಲಿಲ್ಲ. ಕಲಬುರಗಿಯ ತಾಂಡಾಗಳಿಂದ, ರಾಣೆಬೆನ್ನೂರಿನಿಂದ ಬೇಡದ ಆಪರೇಶನ್ನುಗಳ ದೂರು ಬಂದದ್ದು ನಿಮ್ಮ ಇಲಾಖೆಗೆ ಗೊತ್ತಿದೆ. ಇಂಥವನ್ನು ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ಮಾರ್ಗಸೂಚಿ ಕೊಟ್ಟಿತು. ಅದನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. ಈ ಆಪರೇಶನ್ನುಗಳ ಮೇಲೆ ಕಣ್ಣಿಡಬೇಕಾದ ನಮ್ಮ ಜಿಲ್ಲೆಯ ಉಸ್ತುವಾರಿ ಸಮಿತಿ ಎಷ್ಟು ಸಲ ಸೇರಿದೆ, 45ರೊಳಗಿನ ಎಷ್ಟು ಕೇಸು ನೋಡಿದೆ? ಲೆಕ್ಕದ ಮೇಡಂ ಆದ್ದರಿಂದ ಕೇಳುತ್ತಿದ್ದೇನೆ.

ಇನ್ನು ಬಿಸಿ, ಬೆವರು, ನಿದ್ದೆ. ತೀರಾ ಕಷ್ಟವಾದರೆ ಹಾರ್ಮೋನ್ ಚಿಕಿತ್ಸೆ ಇದೆ. ಹೆಸರು ಕೇಳಿದರೇ ಕ್ಯಾನ್ಸರ್ ಎಂದು ಎಲ್ಲರೂ ಹೌಹಾರುತ್ತಾರೆ. ಆ ಭಯ ಹುಟ್ಟಿದ್ದು 2002ರ ಅಮೆರಿಕದ ಒಂದು ದೊಡ್ಡ ಅಧ್ಯಯನದಿಂದ. ಅದರಲ್ಲಿದ್ದವರ ಸರಾಸರಿ ವಯಸ್ಸು 63! 60ರ ಒಳಗಿನ, ಮುಟ್ಟು ನಿಂತು ಹತ್ತು ವರ್ಷವಾಗದ ಆರೋಗ್ಯವಂತರಿಗೆ ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭವೇ ಹೆಚ್ಚು ಎಂದು ಈಗ ತಜ್ಞರು ಹೇಳುತ್ತಾರೆ. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಬೇಡ. ಅವರಿಗೆ ಬೇರೆ ಮಾತ್ರೆಗಳಿವೆ. ಉರಿಮೂತ್ರ, ಯೋನಿ ಒಣಗುವುದು, ಗಂಡನಿಗೂ ಹೇಳಲಾಗದ ನೋವು, ಇದಕ್ಕೆ ಹಚ್ಚುವ ಕ್ರೀಮ್ ಇದೆ. ಇದನ್ನೆಲ್ಲ ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳುವಂತಿಲ್ಲ, ಯಾರಾದರೂ ಕೂತು ವಿಚಾರಿಸಿ ಬರೆದುಕೊಡಬೇಕು.

ಮೊನ್ನೆ ಮನೆಮನೆ ತಪಾಸಣೆಯ ‘ಗೃಹ ಆರೋಗ್ಯ’ ಯೋಜನೆಗೆಂದು ನಮ್ಮ ಆಶಾ ಕಾರ್ಯಕರ್ತೆ ಮನೆಗೆ ಬಂದಿದ್ದರು. ಬಿಪಿ, ಶುಗರ್ ಆಯಿತು. ಫಾರಂನಲ್ಲಿ ಮುಟ್ಟಿನ ನಡುವೆ ರಕ್ತ ಹೋಗುತ್ತದಾ, ನಿಂತ ಮೇಲೆ ಹೋಗುತ್ತದಾ ಎಂಬ ಪ್ರಶ್ನೆಗಳಿವೆ. ಅವು ಕ್ಯಾನ್ಸರ್ ಪತ್ತೆಗೆ, ಇರಲೇಬೇಕು. "ರಾತ್ರಿ ಬೆವರಿ ಎಚ್ಚರ ಆಗುತ್ತೆ ಅಂತ ಎಲ್ಲಿ ಬರ್ಕೊಳ್ತೀರಿ?" ಎಂದು ಕೇಳಿದೆ. ಪೆನ್ನು ಹಿಡಿದು ಹುಡುಕಿದರು. "ಆ ಕಾಲಂ ಇಲ್ಲ ಮೇಡಂ" ಅಂದರು. ಆಮೇಲೆ ಪೆನ್ನಿನ ಕ್ಯಾಪ್ ಮುಚ್ಚಿ, ದನಿ ಇಳಿಸಿ, "ನಂಗೂ ಹಂಗೇ ಆಗ್ತಿದೆ. ಶುಗರ್ ಇರಬೇಕು ಅಂದ್ಕೊಂಡು ಎರಡು ಸಲ ಚುಚ್ಚಿಕೊಂಡು ನೋಡ್ದೆ" ಅಂದರು.

ನಾನು ಕೇಳುವುದು ಆ ಕಾಲಂ. 40 ದಾಟಿದ ಪ್ರತಿ ಹೆಂಗಸಿಗೂ ಮುಟ್ಟು, ನಿದ್ದೆ, ಬಿಸಿ, ಮನಸ್ಸು, ಈ ನಾಲ್ಕು ಪ್ರಶ್ನೆ. ಆಶಾ ತರಬೇತಿಯಲ್ಲಿ ಒಂದು ದಿನ ಇದಕ್ಕೆ, ಈ ಕೆಲಸಕ್ಕೂ ಅವರಿಗೆ ಪ್ರೋತ್ಸಾಹಧನ. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ಮಧ್ಯಾಹ್ನ ಲೇಡಿ ಡಾಕ್ಟರು, ಔಷಧಿಯೂ ಅಲ್ಲೇ. ಬಸುರಿಗೆ ತಾಯಿ ಕಾರ್ಡ್ ಇದೆ, ಹೈಸ್ಕೂಲು ಹುಡುಗಿಯರಿಗೆ ಪ್ಯಾಡ್ ಕೊಡುವ ಶುಚಿ ಯೋಜನೆ ಇದೆ. ಹೆರುವುದು ಮುಗಿದ ಮೇಲೆ ನಮ್ಮ ಫೈಲು ಮುಚ್ಚಿಹೋಗುತ್ತದೆ, ಅಲ್ವಾ?

2025ರಲ್ಲಿ ಸರ್ಕಾರ ಮುಟ್ಟಿನ ರಜೆ ಕೊಟ್ಟಿತು. 18ರಿಂದ 52 ವರ್ಷದವರಿಗೆ, ತಿಂಗಳಿಗೆ ಒಂದು ದಿನ, ಈ ತಿಂಗಳದ್ದು ಮುಂದಿನ ತಿಂಗಳಿಗೆ ಸೇರದು. ಖುಷಿಯಾಯಿತು. ಆದರೆ ಮೂರು ತಿಂಗಳು ಬರದೆ, ನಾಲ್ಕನೇ ತಿಂಗಳು ಎರಡು ವಾರ ಹರಿಯುವವಳು ಆ ಒಂದು ದಿನದಲ್ಲಿ ಏನು ಮಾಡಬೇಕು? ಅದು ಕಾರ್ಮಿಕ ಇಲಾಖೆಯ ವಿಷಯ, ಗೊತ್ತು. ಸಂಪುಟದಲ್ಲಿ ಸಿಕ್ಕಾಗ ಅವರ ಕಿವಿಗೂ ಒಂದು ಮಾತು ಹಾಕಿ.

ಉತ್ತರ ಬರೆಯುವುದಾದರೆ ಶಾಲೆಯ ವಿಳಾಸಕ್ಕೇ ಬರೆಯಿರಿ. ನಮ್ಮ ಸ್ಟಾಫ್ ರೂಮಿನಲ್ಲಿ 40 ದಾಟಿದವರು ಐದು ಜನ ಇದ್ದೇವೆ, ಅಡುಗೆಮನೆಯಲ್ಲಿ ಇಬ್ಬರು. ಊಟದ ಬಿಡುವಿನಲ್ಲಿ ಎಲ್ಲರಿಗೂ ಓದಿ ಹೇಳುತ್ತೇನೆ.

ಇಂತಿ,
ಒಬ್ಬ ಗಣಿತ ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ