ಮಗಳಿಗೊಂದು ಪತ್ರ: ಮೊನೆರೊ ಮತ್ತು ಕೀರ್ದಿ ಪುಸ್ತಕ

ಹುಬ್ಬಳ್ಳಿ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಉಳಿತಾಯದ ಹಣದಲ್ಲಿ ಬಿಟ್‌ಕಾಯಿನ್ ಕೊಂಡು, ಅದನ್ನು ಕೊಟ್ಟು, ವ್ಯವಹಾರದ ವಿವರಗಳನ್ನು ಗುಟ್ಟಾಗಿಡುವ ಕ್ರಿಪ್ಟೊ ನಾಣ್ಯವಾದ ಮೊನೆರೊವನ್ನು ಸ್ವಲ್ಪ ಪಡೆದಿರುವುದಾಗಿಯೂ, ಅದು ಅಪರಾಧವೆಂದು ಗೆಳತಿಯರು ಹೆದರಿಸಿದ್ದಾಗಿಯೂ ನೀನು ಬರೆದಿದ್ದೆ. ಮೂವತ್ತು ವರ್ಷ ವ್ಯಾಪಾರಿಗಳ ತೆರಿಗೆ ಲೆಕ್ಕ ನೋಡಿದವನಾದ ನನಗೆ, ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಬರೆದು ತಿಳಿಸುವುದೇ ಮೇಲೆನಿಸಿತು.

ಅದನ್ನು ಇಟ್ಟುಕೊಳ್ಳುವುದು ಅಪರಾಧವಲ್ಲ. ಇಂಥ ವ್ಯವಹಾರಕ್ಕೆ ಬ್ಯಾಂಕುಗಳು ಸೇವೆ ಒದಗಿಸಕೂಡದೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚಿನಲ್ಲಿ ರದ್ದುಪಡಿಸಿತು. ಹಾಗೆಂದು ಅದು ರೂಪಾಯಿಯಂತೆ ಚಲಾವಣೆಯ ಹಣವೂ ಅಲ್ಲ. 2022ರ ಏಪ್ರಿಲ್‌ನಿಂದ ಅದರ ಲಾಭದ ಮೇಲೆ ಶೇ. 30ರಷ್ಟು ತೆರಿಗೆಯಿದೆ, ಒಂದು ನಾಣ್ಯದಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಬಿಟ್‌ಕಾಯಿನ್ ಕೊಟ್ಟು ಮೊನೆರೊ ಪಡೆದರೆ, ರೂಪಾಯಿ ಕೈಗೆ ಬಾರದಿದ್ದರೂ, ಅದು ಮಾರಾಟವೇ. ನೀನು ಮಾಡಿದ್ದೂ ಅದನ್ನೇ ಆದ್ದರಿಂದ ಆ ದಿನದ ಬೆಲೆಯನ್ನು ಈಗಲೇ ಹುಡುಕಿ ಬರೆದಿಡು.

ಗುಟ್ಟು ಬಯಸುವುದು ತಪ್ಪೇ ಎಂದು ಕೇಳಿದ್ದೆ. ಖಂಡಿತ ಅಲ್ಲ. ಬಿಟ್‌ಕಾಯಿನ್ ವ್ಯವಹಾರಗಳನ್ನು ಯಾರು ಬೇಕಾದರೂ ನೋಡಬಹುದು; ವಿಳಾಸವೊಂದು ನಿನ್ನದೆಂದು ಯಾರಿಗಾದರೂ ತಿಳಿದರೆ, ನಮ್ಮ ಪಾಸ್‌ಬುಕ್ಕನ್ನು ದುರ್ಗದಬೈಲಿನ ಪೇಟೆಯಲ್ಲಿ ತೂಗುಹಾಕಿದಂತೆಯೇ ಸರಿ. ಮೊನೆರೊದಲ್ಲಿ ಕಳಿಸಿದವರ ಗುರುತು ಹುಸಿ ಗುರುತುಗಳ ಗುಂಪಿನಲ್ಲಿ ಬೆರೆಯುತ್ತದೆ, ಪಡೆದವರ ವಿಳಾಸ ಪ್ರತಿಸಲವೂ ಹೊಸದಾಗುತ್ತದೆ, ಮೊತ್ತವೂ ಮುಚ್ಚಿರುತ್ತದೆ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿಯೇ. ಆದರೆ ಆ ಹಕ್ಕು ತೆರಿಗೆಯ ಲೆಕ್ಕದಿಂದ ಬಿಡುಗಡೆ ಕೊಡುವುದಿಲ್ಲ.

ನನ್ನ ನಿಜವಾದ ಭಯ ಮಾರುವಾಗಿನದು. ಕ್ರಿಪ್ಟೊ ಕೊಳ್ಳುವ, ಮಾರುವ ವಿನಿಮಯ ಕೇಂದ್ರವಾದ ಬೈನಾನ್ಸ್ 2024ರ ಫೆಬ್ರುವರಿಯಲ್ಲಿ ಮೊನೆರೊವನ್ನು ಕೈಬಿಟ್ಟಿತು. ಯುರೋಪಿಯನ್ ಒಕ್ಕೂಟದ ವಿನಿಮಯ ಕೇಂದ್ರಗಳಿಗೆ 2027ರ ಜುಲೈಯಿಂದ ಇಂಥ ನಾಣ್ಯಗಳು ನಿಷಿದ್ಧ. ದಾರಿಗಳು ಕಡಿಮೆಯಾದಂತೆ ಜನ ಅಪರಿಚಿತರಿಗೆ ಮಾರತೊಡಗುತ್ತಾರೆ. ನಮ್ಮ ಓಣಿಯ ಹುಡುಗನೊಬ್ಬ ಟೆಲಿಗ್ರಾಂನಲ್ಲಿ ಸಿಕ್ಕವನಿಗೆ ಕ್ರಿಪ್ಟೊ ಮಾರಿದ. ಖಾತೆಗೆ ಬಂದ ಹಣ ಬೇರೆ ರಾಜ್ಯದಲ್ಲಿ ಯಾರಿಗೋ ಮೋಸ ಮಾಡಿ ತಂದದ್ದಾಗಿತ್ತು. ಮೂರು ವಾರಕ್ಕೆ ಅವನ ಖಾತೆ ಸ್ಥಗಿತವಾಯಿತು. ಕೊಂಡವನೊಂದಿಗಿನ ಮಾತುಕತೆಯನ್ನು ಅಳಿಸಿಹಾಕಿದ್ದರಿಂದ ತೋರಿಸಲು ಅವನ ಬಳಿ ಏನೂ ಇರಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಹಿಡಿದು ಐದು ತಿಂಗಳು ಅಲೆದ. ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿತವಾದ ವಿನಿಮಯ ಕೇಂದ್ರದ ಮೂಲಕವಲ್ಲದೆ ನೀನು ರೂಪಾಯಿಗೆ ಮಾರಬೇಡ.

ಇನ್ನೊಂದು ಮಾತು. ನೀನು ಕಳಿಸಿದ ಹೊಸ ಮೇಜಿನ ಫೋಟೋದಲ್ಲಿ ನಿನ್ನ ವಾಲೆಟ್ಟಿನ, ಅಂದರೆ ಮೊನೆರೊ ನಿಭಾಯಿಸುವ ಆ್ಯಪಿನ, ಇಪ್ಪತ್ತೈದು ರಹಸ್ಯ ಪದಗಳ ಚೀಟಿಯೂ ಇತ್ತು. ಕನ್ನಡಕ ಹಾಕಿಕೊಂಡು ಹನ್ನೊಂದನ್ನು ನಾನೇ ಓದಿದೆ. ಆ ಪದಗಳಿದ್ದವರದೇ ಹಣ. ಅಧಿಕೃತ ತಾಣದಿಂದಲೇ ಪಡೆದ ಹೊಸ ವಾಲೆಟ್ಟಿಗೆ ಇಂದೇ ಎಲ್ಲವನ್ನೂ ವರ್ಗಾಯಿಸು, ಹೊಸ ಪದಗಳನ್ನು ಕಾಗದದಲ್ಲಿ ಮಾತ್ರ ಬರೆ. ಬಂದ ಹಣವನ್ನಷ್ಟೇ ತೋರಿಸುವ, ಖರ್ಚು ಮಾಡಲು ಬಾರದ ವೀಕ್ಷಣಾ ಕೀಲಿಯೊಂದು ಮೊನೆರೊದಲ್ಲಿದೆ. ಬಂದದ್ದರ ಲೆಕ್ಕವನ್ನು ಲೆಕ್ಕ ಪರಿಶೋಧಕರು ಕೇಳಿದರೆ ಅದನ್ನು ಕೊಡಬಹುದು.

ಕೀರ್ದಿ ಪುಸ್ತಕವೊಂದನ್ನು ಇಲ್ಲಿ ತಂದಿಟ್ಟಿದ್ದೇನೆ. ಪಂಚಮಿಗೆ ಬರುವಾಗ ಕೊಂಡ ದಿನಾಂಕ, ಬೆಲೆ, ರಸೀದಿಗಳನ್ನು ತಾ. ಮೊದಲ ಪುಟವನ್ನು ಇಬ್ಬರೂ ಕೂತು ಬರೆಯೋಣ.

ನಿನ್ನ ಅಪ್ಪ