ಬಣ್ಣ ಬೇರೆಯಾದ ಮಾತ್ರಕ್ಕೆ ನಕಲಿಯಲ್ಲ

ಮಾನ್ಯರೇ,

ಕಾರು ಮುಂತಾದವು ರೋಬೊ ಆಗಿ ಮಾರ್ಪಡುವ ಹಳೆಯ ಟ್ರಾನ್ಸ್‌ಫಾರ್ಮರ್ಸ್ ಆಟಿಕೆಗಳ ಕುರಿತ ಲೇಖನದಲ್ಲಿ, ಪೆಟ್ಟಿಗೆಯ ಮೇಲೆ ಅಮೆರಿಕದ ಹ್ಯಾಸ್‌ಬ್ರೊ ಕಂಪನಿಯ ಹೆಸರಿಲ್ಲದೆ ಬಣ್ಣವೂ ಬೇರೆಯಾಗಿದ್ದರೆ ಅದು ನಕಲಿ ಎಂದು ಬರೆದಿದ್ದೀರಿ. ಈ ಸಲಹೆ ನಂಬಿದರೆ ಅಸಲಿಯೇ ಗುಜರಿಗೆ ಹೋದೀತು.

ಜಪಾನಿನ ಟಕಾರಾ ಕಂಪನಿಯ ಡಯಾಕ್ಲೋನ್, ಮೈಕ್ರೊ ಚೇಂಜ್ ಆಟಿಕೆಗಳನ್ನೇ ತಂದು ಹ್ಯಾಸ್‌ಬ್ರೊ 1984ರಲ್ಲಿ ಈ ಸರಣಿ ಶುರು ಮಾಡಿತು. ಅದೇ ವರ್ಷ ಮಿಲ್ಟನ್ ಬ್ರಾಡ್ಲಿ (ಎಂ.ಬಿ.) ಎಂಬ ಆಟಿಕೆ ಕಂಪನಿಯನ್ನೂ ಕೊಂಡದ್ದರಿಂದ ಯುರೋಪಿನ ಹಲವೆಡೆ ಪೆಟ್ಟಿಗೆಯ ಮೇಲೆ ಎಂ.ಬಿ. ಎಂದೇ ಇತ್ತು. ಇಟಲಿಯಲ್ಲಿ ಮಾರಿದ್ದು ಜಿಗ್ ಕಂಪನಿ. ಬ್ರೆಜಿಲ್‌ನಲ್ಲಿ ಎಸ್ಟ್ರೆಲಾ, ಅರ್ಜೆಂಟೀನಾದಲ್ಲಿ ಆಂಟೆಕ್ಸ್, ಮೆಕ್ಸಿಕೊದಲ್ಲಿ ಇಗಾ, ಪೆರುವಿನಲ್ಲಿ ಲಿನ್ಸಾ. ಆಮದಿಗೆ ಬಿಗಿ ಕಟ್ಟುಪಾಡಿದ್ದ ಬ್ರೆಜಿಲ್‌ನಂಥ ದೇಶದಲ್ಲಿ ಆಟಿಕೆ ಅಲ್ಲೇ ತಯಾರಾಗಬೇಕಿತ್ತು. ಅಚ್ಚು ಹೊರಗಿನದು, ಪ್ಲಾಸ್ಟಿಕ್ಕೂ ಬಣ್ಣವೂ ಸ್ಥಳೀಯ. ಪುಟ್ಟ ಕಾರುಗಳು ವಿಚಿತ್ರ ಬಣ್ಣದಲ್ಲಿ ಬಂದದ್ದು ಹೀಗೆ. ಅಷ್ಟೇಕೆ, ಆ ಪುಟ್ಟ ಕಾರುಗಳಲ್ಲಿ ಹಳದಿ ಬಂಬಲ್‌ಬೀ, ಕೆಂಪು ಕ್ಲಿಫ್‌ಜಂಪರ್ ಜೊತೆಗೆ ಕೆಂಪು ಬಂಬಲ್‌ಬೀ, ಹಳದಿ ಕ್ಲಿಫ್‌ಜಂಪರ್‌ಗಳನ್ನೂ ಮಾರಿದ್ದು ಖುದ್ದು ಹ್ಯಾಸ್‌ಬ್ರೊ!

ಆಟಿಕೆಯ ಮೈಮೇಲೆ ಕೆತ್ತಿದ ಇಸವಿಯಿಂದಲೂ ಮೋಸ ಹೋಗುವವರು ಬಹಳ. 1983 ಎಂದರೆ ಅದು ವಿನ್ಯಾಸದ ಹಕ್ಕಿನ ವರ್ಷ, ತಯಾರಾದ ವರ್ಷವಲ್ಲ. ಟಕಾರಾ, ಜಪಾನ್ ಎಂದಿದ್ದರೆ ಜಪಾನಿನಲ್ಲೇ ತಯಾರಾಯಿತೆಂದೂ ಅಲ್ಲ. ಉಜ್ಜಿದರೆ ಮುಖ ಮೂಡುವ ಶಾಖದ ಚೀಟಿ ಬಂದದ್ದೇ 1985ರಲ್ಲಿ. ಹಾಗಾಗಿ ಅದಿಲ್ಲದ 1984ರ ಪ್ರತಿಯನ್ನು ಸಂದೇಹಿಸಬೇಕಿಲ್ಲ.

ನಂಬಬಹುದಾದದ್ದು ಅಳತೆ. ಅಸಲಿ ಆಟಿಕೆಯ ಮೇಲೆಯೇ ಅಚ್ಚು ತೆಗೆದು ಮತ್ತೆ ಎರಕ ಹೊಯ್ದರೆ, ಆರುವಾಗ ಪ್ಲಾಸ್ಟಿಕ್ ಇನ್ನೊಮ್ಮೆ ಕುಗ್ಗುತ್ತದೆ. ಆಟಿಕೆಗಳಿಗೆ ಬಳಸುವ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಆದರೆ ಸುಮಾರು ಶೇ 0.5, ಅಂದರೆ 60 ಮಿ.ಮೀ. ಉದ್ದದ ಭಾಗ 0.3 ಮಿ.ಮೀ. ಗಿಡ್ಡ. ಕಣ್ಣಿಗೆ ಕಾಣದು, ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಕ್ಯಾಲಿಪರ್‌ಗೆ ಸಿಗುತ್ತದೆ. ಒಂದೇ ಕಡೆ ಅಳೆದು ತೀರ್ಪು ಕೊಡಬೇಡಿ. ನಾಲ್ಕೈದು ಭಾಗಗಳನ್ನು ಅಸಲಿಯೊಂದಿಗೆ ಹೋಲಿಸಿ. ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಿ, ಅಕ್ಷರಗಳ ಅಂಚೂ ಸವೆದಂತಿದ್ದರೆ ಅನುಮಾನ ಗಟ್ಟಿ. ಪ್ಲಾಸ್ಟಿಕ್ಕಿನ ಜಾತಿಯೇ ಬೇರೆಯಾದರೆ ಅಸಲಿ ಅಚ್ಚಿನದೂ ತುಸು ವ್ಯತ್ಯಾಸ ತೋರೀತು ಎಂಬುದು ನೆನಪಿರಲಿ. ಲೋಹದ ಭಾಗಕ್ಕೆ ಅಯಸ್ಕಾಂತ ಹಿಡಿದು ನೋಡುವುದು ದಂಡ. ಅದು ಸತುವಿನ ಮಿಶ್ರಲೋಹದ ಎರಕ, ಅಂಟುವುದೇ ಇಲ್ಲ; ಅಂಟುವುದು ಉಕ್ಕಿನ ಅಚ್ಚುಗಂಬಿ, ತಿರುಪುಗಳು ಮಾತ್ರ.

ಬಿಸಿಲಿಗೆ ಬಿಳಿ ಹಳದಿಯಾಗುತ್ತದೆ, ಕೆಂಪು ಕಿತ್ತಳೆಗೆ ತಿರುಗುತ್ತದೆ. ಅದನ್ನೇ ‘ಅಪರೂಪದ ದಕ್ಷಿಣ ಅಮೆರಿಕ ಬಣ್ಣ’ ಎಂದು ಮಾರುವ ಚಾಲಾಕಿಗಳೂ ಇದ್ದಾರೆ. ತೋಳನ್ನು ಹೊರಗೆಳೆದು ಕಂಕುಳಿನ ಒಳಬದಿ ನೋಡಿ: ಅಲ್ಲಿ ಬೇರೆ ಬಣ್ಣ ಉಳಿದಿದ್ದರೆ ಬಿಸಿಲಿನ ಕೆಲಸ, ಒಳಗೂ ಹೊರಗೂ ಒಂದೇ ಆಗಿದ್ದರೆ ಪ್ಲಾಸ್ಟಿಕ್ಕಿನದೇ ಬಣ್ಣ. ಹೊರಮೈಗೆ ಬಣ್ಣ ಬಳಿದದ್ದಾದರೆ ಕೀಲಿನ ಸಂದಿಯಲ್ಲಿ ಸವೆದ ಗೆರೆ ಕಾಣುತ್ತದೆ. ಪೆಟ್ಟಿಗೆಯ ರಟ್ಟಿನ ಮುದ್ರಣವನ್ನು 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿದರೆ, ಅಸಲಿಯಾದರೆ ಆಫ್‌ಸೆಟ್ ಮುದ್ರಣಯಂತ್ರದ ಚುಕ್ಕಿಗಳು ಸಾಲುಕಟ್ಟಿ ನಿಂತಿರುತ್ತವೆ. ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದ ನಕಲಿನಲ್ಲಿ ಚುಕ್ಕಿಗಳು ಚೆಲ್ಲಾಪಿಲ್ಲಿ.

ಹಳದಿಯಾದದ್ದನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಳಿ ಮಾಡುವ ಉತ್ಸಾಹಿಗಳು ಒಮ್ಮೆ ತಡೆಯಲಿ. ಚೀಟಿಗಳೂ ಕ್ರೋಮ್ ಲೇಪವೂ ಎದ್ದುಹೋಗಬಹುದು, ಮೂಲ ಬಣ್ಣ ಯಾವುದಿತ್ತೆಂಬ ಪುರಾವೆಯೂ ಅಳಿಯುತ್ತದೆ. ಮೊದಲು ಒಳಬದಿ, ಕೆತ್ತಿದ ಅಕ್ಷರ, ತಿರುಪಿನ ರಂಧ್ರಗಳ ಚಿತ್ರ ತೆಗೆದಿಟ್ಟುಕೊಂಡು ಆಮೇಲೆ ಕೈಹಾಕಲಿ.

– ಹಳೆಯ ಆಟಿಕೆ ಸಂಗ್ರಹಕಾರರು