ಬೂದಿದಿಬ್ಬ ಓದಿಸಿದವರಿಗೆ

ಮೊನ್ನೆ ಎಂ.ಎ. ರಿಸಲ್ಟ್ ಬಂತು. ಪಾಸಾದೆ. ಎರಡು ವರ್ಷದ ಓದು ಮೂರು ವರ್ಷ ಹಿಡಿಯಿತು. ನಡುವೆ ಅಪ್ಪನ ಆಪರೇಷನ್, ಆಸ್ಪತ್ರೆ, ಸಾಲ ಅಂತ ಧಾರವಾಡದ ಕಡೆ ತಲೆಯೇ ಹಾಕಲಿಲ್ಲ. ಆ ದಿನಗಳಲ್ಲಿ ನೋಟ್ಸಿನ ಫೋಟೊ ತೆಗೆದು ರಾತ್ರಿ ವಾಟ್ಸಾಪ್ ಮಾಡುತ್ತಿದ್ದ ಗೆಳತಿಯರಿಗೆ ಮೊದಲ ನಮಸ್ಕಾರ. ಪುರಾತತ್ವ ಓದುತ್ತೇನೆ ಅಂದಾಗ "ನಿಧಿ ಸಿಕ್ರೆ ನಮಗೂ ಹೇಳಮ್ಮ" ಎಂದು ನಕ್ಕ ನೆಂಟರಿಗೂ ಒಂದು ಇರಲಿ. ನಾನು ಹುಡುಕಿಕೊಂಡು ಹೋದದ್ದು ಸಗಣಿ ಬೂದಿ.

ಬಳ್ಳಾರಿ ಸೀಮೆಯವರಿಗೆ ಬೂದಿದಿಬ್ಬ, ಅಂದರೆ ಬಹಳ ಹಳೆಯ ಬೂದಿಯ ಗುಡ್ಡೆ, ಹೊಸದಲ್ಲ. ಕುಡತಿನಿಯದು ಹೆದ್ದಾರಿ ಪಕ್ಕದಲ್ಲೇ ಇದೆ. ಹಂಪಿ ಹತ್ತಿರದ ನಿಂಬಾಪುರದ್ದನ್ನು ವಾಲಿಯ ಚಿತೆಯ ಬೂದಿ ಅನ್ನುತ್ತಾರೆ. ಕರಗಿ ಗಾಜಿನಂತಾದ ಕಿಟ್ಟ ನೋಡಿ ಜ್ವಾಲಾಮುಖಿಯೋ ಕುಲುಮೆಯೋ ಎಂದು ಪಂಡಿತರೂ ತಲೆ ಕೆಡಿಸಿಕೊಂಡಿದ್ದರು. ಇದು ಸುಟ್ಟ ಸಗಣಿ ಎಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಹೇಳಿದ್ದರು. 1950ರ ದಶಕದಲ್ಲಿ ಪುರಾತತ್ವಜ್ಞ ಆಲ್ಚಿನ್ ಈಗಿನ ತೆಲಂಗಾಣದ ಉತ್ನೂರಿನಲ್ಲಿ ಅಗೆದಾಗ ದನಗಳ ಗೊರಸಿನ ಗುರುತೇ ಸಿಕ್ಕಿತು. ನಾಲ್ಕು ಸಾವಿರ ವರ್ಷಕ್ಕೂ ಹಳೆಯ ದೊಡ್ಡಿ! ಗೊಬ್ಬರಕ್ಕೆಂದು ಹೊಲಕ್ಕೆ ಹೇರಿ ಹೇರಿ ಎಷ್ಟೋ ದಿಬ್ಬ ಕರಗಿವೆ. ನಮ್ಮ ಮನೆಯವರೂ ಹೇರಿದ್ದಾರೆ, ಮುಚ್ಚಿಡುವುದೇಕೆ.

ಇಷ್ಟು ಲೈಬ್ರರಿಯಲ್ಲಿ ಸಿಕ್ಕಿತು. ಸಗಣಿ ಅಷ್ಟು ಬಿಸಿಯಾಗಿ ಹೇಗೆ ಉರಿಯುತ್ತದೆ ಅನ್ನುವುದು ಮಾತ್ರ ಕುರಿ ಕಾಯುವ ತಾತನಿಂದ ತಿಳಿಯಿತು. ಮೊದಲ ದಿನ 32 ಪ್ರಶ್ನೆಗಳ ಪಟ್ಟಿ ಹಿಡಿದು ಹೋಗಿದ್ದೆ. ಎರಡಕ್ಕೆ ಉತ್ತರ ಕೊಟ್ಟು ತಾತ ಎದ್ದುಹೋದ. ಮಾನವಶಾಸ್ತ್ರ ಓದುವ ರೂಮ್‌ಮೇಟ್‌ಗೆ ಫೋನ್ ಮಾಡಿ ಅತ್ತೆ. "ಪಟ್ಟಿ ಹರಿದುಹಾಕು. ಕುರಿ ಹಟ್ಟಿಗೆ ಬರೋ ಹೊತ್ತಿಗೆ ಹೋಗಿ ಸುಮ್ನೆ ಕೂತ್ಕೋ" ಅಂದಳು. ಕೂತೆ. ಮೂರನೇ ಸಂಜೆ ತಾತ ತಾನಾಗಿಯೇ ಕೋಲಿನಿಂದ ತಿಪ್ಪೆ ಕೆದಕಿದ: "ನೋಡಮ್ಮ, ಮ್ಯಾಲೆ ಹಸೀದು, ಕೆಳಗ ಒಣಗಿದ್ದು. ಒಮ್ಮೆ ಕಿಚ್ಚು ಹಿಡೀತಂದ್ರ ಮಳಿ ಬಂದ್ರೂ ಆರಂಗಿಲ್ಲ. ಒಳಗೊಳಗ ಬೇಯ್ತಾ ಇರತೈತಿ."

ನನ್ನ ಎಂ.ಎ. ಪ್ರಬಂಧದ ಮೂರನೇ ಅಧ್ಯಾಯ ಹುಟ್ಟಿದ್ದು ಆ ತಿಪ್ಪೆಯಲ್ಲಿ. "ಆ ಮಾತು ತಿದ್ದಬೇಡ, ಹಾಗೇ ಇರಲಿ" ಎಂದ ಗೈಡ್ ಮೇಡಂಗೆ, ತಡವಾಗಿ ಬಂದರೂ ರೊಟ್ಟಿ ಮುಚ್ಚಿಟ್ಟಿರುತ್ತಿದ್ದ ಮೆಸ್ಸಿನ ಅಕ್ಕನಿಗೆ ಋಣಿ.

ಬೈಂಡ್ ಮಾಡಿಸಿದ ಒಂದು ಪ್ರತಿ ತಾತನಿಗೆ ಕೊಟ್ಟುಬಂದೆ. ತಾತನಿಗೆ ಓದಲು ಬರದು. ಅವನ ಹೆಸರಿದ್ದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಕೆಂಚಂದು ಎಲ್ಲಿ?" ಅಂದ. ಕೆಂಚ ಅವನ ನಾಯಿ. ಅಷ್ಟೂ ಸಂಜೆ ನನ್ನ ಪಕ್ಕದಲ್ಲೇ ಮಲಗಿತ್ತು. ಬಿಟ್ಟುಹೋಗಿತ್ತು ತಾತ, ಇಲ್ಲಿ ಬರೆದಿದ್ದೇನೆ.